ವಾರ್ಡ್ ಮರುವಿಂಗಡಣೆಗೆ ಆಕ್ಷೇಪಣೆ ಹಾಕಿದರೆ ಯಾರಾದರೂ ಓದುತ್ತಾರಾ?

ಓದುತ್ತಾರೆ. ಆದರೆ ಓದಿದವರು ತಳ್ಳಿಹಾಕಲಾಗದಂತೆ ಬರೆಯಬೇಕು.

ನಿಮ್ಮ ಬಡಾವಣೆಯ ನಾಲ್ಕು ರಸ್ತೆಗಳನ್ನು ಕರಡಿನಲ್ಲಿ ರೈಲು ಹಳಿಯಾಚೆಯ ವಾರ್ಡಿಗೆ ಸೇರಿಸಿದ್ದಾರೆ, ಏನು ಮಾಡಬಹುದು ಎಂದು ಕೇಳಿದ್ದೀರಿ. ನಾನು ಬೆಂಗಳೂರಿನವನು. 2022ರಲ್ಲಿ ಬಿಬಿಎಂಪಿಯ 198 ವಾರ್ಡುಗಳನ್ನು 243 ಮಾಡಿದಾಗ ನಮ್ಮ ಬೀದಿಗಳಿಗೂ ಹೀಗೇ ಆಗಿತ್ತು. ಅಕ್ಕಪಕ್ಕದವರೆಲ್ಲ ಕೂತು ಆಕ್ಷೇಪಣೆ ಬರೆದೆವು. ಕೇಳಿದ್ದರಲ್ಲಿ ಒಂದಿಷ್ಟು ಅಂತಿಮ ಅಧಿಸೂಚನೆಯಲ್ಲಿ ಬಂತು, ಒಂದಿಷ್ಟು ಬರಲಿಲ್ಲ.

ಮೊದಲು ಕರಡಿನ ಚಕ್ಕುಬಂದಿ ಓದಿ. ನಕ್ಷೆಯ ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ. ಪೂರ್ವಕ್ಕೆ ಯಾವ ರಸ್ತೆ, ದಕ್ಷಿಣಕ್ಕೆ ಯಾವ ರಾಜಕಾಲುವೆ ಎಂದು ಬರೆದಿರುತ್ತಾರಲ್ಲ, ಆ ಸಾಲುಗಳನ್ನು ಕೈಯಲ್ಲಿ ಹಿಡಿದು ಗಡಿಯುದ್ದಕ್ಕೂ ನಡೆಯಿರಿ. ಎಲ್ಲಿ ತಪ್ಪಾಗಿದೆ ಅನ್ನುವುದು ಅಲ್ಲೇ ಕಾಣುತ್ತದೆ.

ಆಮೇಲೆ ಲೆಕ್ಕ. ವಾರ್ಡುಗಳ ಜನಸಂಖ್ಯೆ ಆದಷ್ಟು ಸಮನಾಗಿರಬೇಕು, ವಾರ್ಡು ಚದುರದೆ ಒಂದೇ ತುಂಡಾಗಿರಬೇಕು, ಒಂದೇ ವಿಧಾನಸಭಾ ಕ್ಷೇತ್ರದೊಳಗಿರಬೇಕು. ನಮ್ಮಲ್ಲಿ ಹಿಡಿದ ಮಾನದಂಡ ಇವು. ಆಧಾರ 2011ರ ಜನಗಣತಿ. ಅದರ ಪ್ರಕಾರ ಪಾಲಿಕೆಯ ಜನಸಂಖ್ಯೆ ಸುಮಾರು 84.4 ಲಕ್ಷ, 243ರಿಂದ ಭಾಗಿಸಿದರೆ ವಾರ್ಡಿಗೆ ಹತ್ತಿರಹತ್ತಿರ 35 ಸಾವಿರ. 'ನಿಮ್ಮ ಬೀದಿ ತೆಗೆದರೆ ಆ ವಾರ್ಡಿನಲ್ಲಿ ಜನ ಸಾಲುವುದಿಲ್ಲ' ಎಂಬುದೇ ನಮಗೆ ಸಿಕ್ಕ ಮೊದಲ ಉತ್ತರ. ಹಾಗಾಗಿ ನಮ್ಮನ್ನು ವಾಪಸು ಸೇರಿಸಿ ಎಂದಷ್ಟೇ ಕೇಳಿದರೆ ಸಾಲದು. ಬದಲಿಗೆ ಯಾವ ಗಣತಿ ಬ್ಲಾಕ್ (ಜನಗಣತಿಗಾಗಿ ಗುರುತಿಸಿದ ಸಣ್ಣ ಪ್ರದೇಶ) ಅತ್ತ ಹೋದರೆ ಎರಡೂ ಕಡೆ ಲೆಕ್ಕ ಕೂಡುತ್ತದೆ ಅನ್ನುವುದನ್ನೂ ಅಂಕಿ ಸಮೇತ ತೋರಿಸಿ. ಆ ಬ್ಲಾಕಿನ ಜನರನ್ನು ಮೊದಲೇ ಹೋಗಿ ಮಾತಾಡಿಸಿ. ನಮ್ಮನ್ನು ಕೇಳದೆ ಎತ್ತಿ ಹಾಕಿದರು ಎಂದು ದೂರುವವರು ಇನ್ನೊಬ್ಬರಿಗೆ ಅದನ್ನೇ ಮಾಡಬಾರದು. ಅವರೂ ಒಪ್ಪಿ ಸಹಿ ಹಾಕಿದರೆ ನಿಮ್ಮ ಅರ್ಜಿಯ ತೂಕವೇ ಬೇರೆ.

ಕಾರಣಗಳನ್ನು ದಿನನಿತ್ಯದ ಬದುಕಿನಿಂದ ಕೊಡಿ. ಹಳಿ ದಾಟಲು ಎಷ್ಟು ಸುತ್ತಬೇಕು, ಮಳೆಗಾಲದಲ್ಲಿ ಅಂಡರ್‌ಪಾಸಿನಲ್ಲಿ ನೀರು ನಿಲ್ಲುತ್ತದೆಯೇ, ಮತಗಟ್ಟೆ ಎಲ್ಲಿಗೆ ಹೋಗುತ್ತದೆ. ನಮ್ಮ ಅರ್ಜಿಯಲ್ಲಿ ಗಟ್ಟಿಯಾಗಿ ನಿಂತದ್ದು ರಾಜಕಾಲುವೆಯ ವಿಷಯ: ನಮ್ಮ ಬೀದಿಗಳ ನೀರು ಹರಿಯುವ ಕಾಲುವೆ ಒಂದು ವಾರ್ಡಿನಲ್ಲಿ, ನಾವು ಇನ್ನೊಂದರಲ್ಲಿ. ಹೂಳು ತೆಗೆಸಲು ಯಾವ ಕಾರ್ಪೊರೇಟರನ್ನು ಕೇಳಬೇಕು? ನಮ್ಮ ಮತ ಒಡೆಯಲೆಂದೇ ಹೀಗೆ ಮಾಡಿದ್ದಾರೆ ಎಂಬ ಅನುಮಾನ ನಿಮಗಿರಬಹುದು, ನಿಜವೂ ಆಗಿರಬಹುದು. ಆದರೆ ಸಾಬೀತು ಮಾಡಲಾಗದ್ದನ್ನು ಅರ್ಜಿಯಲ್ಲಿ ಬರೆಯಬೇಡಿ.

ಗಡುವಿನ ಬಗ್ಗೆ ಎಚ್ಚರ. ನಮಗೆ ಕೊಟ್ಟಿದ್ದು 15 ದಿನ. ಲಿಖಿತವಾಗಿ, ವಾರ್ಡಿನ ಸಂಖ್ಯೆ, ಹೆಸರು ಹಾಕಿ, ಅಧಿಸೂಚನೆಯಲ್ಲಿ ಹೇಳಿರುವ ಕಚೇರಿಗೇ ಕೊಟ್ಟು, ಟಪಾಲು ವಿಭಾಗದಲ್ಲಿ ಮೊಹರು ಹಾಕಿಸಿ ಸ್ವೀಕೃತಿ ಪಡೆಯಿರಿ. ಆಮೇಲೆ ಕೋರ್ಟಿಗೆ ಹೋಗೋಣ ಎಂದು ಬಿಡಬೇಡಿ. ಕ್ಷೇತ್ರ ವಿಂಗಡಣೆಯ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು ಸಂವಿಧಾನದ 243ಝಡ್‌ಜಿ ವಿಧಿ ಹೇಳುತ್ತದೆ. ಅಂತಿಮ ಪಟ್ಟಿ ಬಂದ ಮೇಲೆ ಆ ದಾರಿ ಬಹಳ ಕಿರಿದು.

ಇನ್ನೊಂದು ಮಾತನ್ನು ಅರ್ಜಿಯಲ್ಲಿ ತಪ್ಪದೆ ಸೇರಿಸಿ: ಇದನ್ನು ಸರಿಪಡಿಸಿ, ಆದರೆ ಚುನಾವಣೆ ಮುಂದೂಡಬೇಡಿ. ಬೆಂಗಳೂರಿನ ಗತಿ ನೋಡಿ ಹೇಳುತ್ತಿದ್ದೇನೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಆಮೇಲೆ ವಾರ್ಡುಗಳು 243 ಆದವು, 2023ರಲ್ಲಿ 225 ಆದವು, 2025ರಲ್ಲಿ ಐದು ಪಾಲಿಕೆಗಳಾಗಿ ಒಟ್ಟು 369 ಆದವು. 243ಕ್ಕೂ ಚುನಾವಣೆ ನಡೆಯಲಿಲ್ಲ, 225ಕ್ಕೂ ನಡೆಯಲಿಲ್ಲ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಗಡಿಯೊಳಗೆ ನಾವು ಒಂದು ಸಲವೂ ಮತ ಹಾಕಲಿಲ್ಲ. ಈ ನೋವು ನಿಮಗೆ ಬೇಡ.

ಅಂತಿಮ ಅಧಿಸೂಚನೆ ಬಂದ ದಿನವೇ ಹಳೆಯ ಕರಡಿನ ಚಕ್ಕುಬಂದಿಯ ಜತೆ ಸಾಲುಸಾಲಾಗಿ ಹೋಲಿಸಿ. ಬದಲಾಗಿಲ್ಲವಾದರೆ ಸ್ವೀಕೃತಿ ಸಂಖ್ಯೆ ನಮೂದಿಸಿ, ನಮ್ಮ ಆಕ್ಷೇಪಣೆಯ ಮೇಲಿನ ಟಿಪ್ಪಣಿಯ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.