ಕ್ರೋಮ್ 'ಪ್ರೊಫೈಲ್ ಎರರ್' ಅಂದರೆ ಮೊದಲು ಫೋಲ್ಡರ್ ಕಾಪಿ ಮಾಡಿ

ಬಬಲೇಶ್ವರದ ಅಣ್ಣಾರೇ, ನಿಮ್ಮ ಪ್ರಶ್ನೆ ನೋಡಿದೆ. ಕರೆಂಟ್ ಹೋಗಿ ಬಂದ ಮೇಲೆ ಕ್ರೋಮ್ ತೆರೆದರೆ 'ಪ್ರೊಫೈಲ್ ಎರರ್' ಬರುತ್ತಿದೆ, ದ್ರಾಕ್ಷಿ ಔಷಧಿ ಪುಟಗಳ ಬುಕ್‌ಮಾರ್ಕ್ ಎಲ್ಲ ಮಾಯ, ಪಾಸ್‌ವರ್ಡೂ ತಾನಾಗಿ ತುಂಬುತ್ತಿಲ್ಲ ಅಂದಿದ್ದೀರಿ. ಕೆಳಗೆ ಇಬ್ಬರು "ತೆಗೆದು ಮತ್ತೆ ಇನ್‌ಸ್ಟಾಲ್ ಮಾಡ್ರಿ" ಅಂತ ಬರೆದಿದ್ದಾರೆ. ಈಗಲೇ ಹಾಗೆ ಮಾಡಬೇಡಿ.

ಕ್ರೋಮ್ ಬೇರೆ, ಅದರೊಳಗಿನ ನಿಮ್ಮ ಡೇಟಾ ಬೇರೆ. ಡೇಟಾ ಇರೋದು ಪ್ರೊಫೈಲ್ ಫೋಲ್ಡರ್‌ನಲ್ಲಿ. ಫೈಲ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಒಂದೆರಡು ಫೈಲ್ ಕೆಡಬಹುದು, ಉಳಿದವು ಸಾಮಾನ್ಯವಾಗಿ ಚೆನ್ನಾಗೇ ಇರುತ್ತವೆ. ಕ್ರೋಮ್ ತೆಗೆಯುವಾಗ 'ಬ್ರೌಸಿಂಗ್ ಡೇಟಾ ಕೂಡ ಅಳಿಸಲೇ' ಅಂತ ಒಂದು ಡಬ್ಬಿ ಬರುತ್ತದೆ. ಅದಕ್ಕೆ ಟಿಕ್ ಬಿತ್ತೋ, ಚೆನ್ನಾಗಿದ್ದ ಫೈಲೂ ಹೋದವು.

ಮೊದಲು ಕ್ರೋಮ್ ಪೂರ್ತಿ ಮುಚ್ಚಿ. ಕಿಟಕಿ ಮುಚ್ಚಿದರೂ ಅದು ಹಿಂದೆ ಓಡುತ್ತಲೇ ಇರಬಹುದು, ಹಾಗಾಗಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಕ್ರೋಮ್ ಕಂಡರೆ 'ಎಂಡ್ ಟಾಸ್ಕ್' ಕೊಡಿ. ಆಮೇಲೆ ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಆ್ಯಪ್‌ಡೇಟಾ, ಲೋಕಲ್, ಗೂಗಲ್, ಕ್ರೋಮ್ ಅಂತ ಒಳಗೆ ಹೋಗಿ. ಆ್ಯಪ್‌ಡೇಟಾ ಕಾಣದಿದ್ದರೆ ವ್ಯೂ ಮೆನುವಿನಲ್ಲಿ 'ಹಿಡನ್ ಐಟಮ್ಸ್' ಆನ್ ಮಾಡಿ. ಅಲ್ಲಿರುವ 'ಯೂಸರ್ ಡೇಟಾ' ಫೋಲ್ಡರ್ ಇಡಿಯಾಗಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಆದರೆ ನಡುನಡುವೆ ನಿಂತು ಓದಲಾಗುತ್ತಿಲ್ಲ ಅಂತ ಬಂದರೆ ಹಾರ್ಡ್‌ಡಿಸ್ಕೇ ಕೈಕೊಡುತ್ತಿರಬಹುದು. ಆಗ ಉಳಿದದ್ದೆಲ್ಲ ಬಿಟ್ಟು ಮೊದಲು ಫೋಟೋ, ಲೆಕ್ಕಪತ್ರ ಉಳಿಸಿಕೊಳ್ಳಿ.

ಕಾಪಿ ಆಯಿತಾ? ಈಗ ರಿಪೇರಿ. 'ಯೂಸರ್ ಡೇಟಾ' ಒಳಗೆ 'ಡಿಫಾಲ್ಟ್' ಅಂತ ಫೋಲ್ಡರ್ ಇದೆ. ಮಗನದೂ ಬೇರೆ ಪ್ರೊಫೈಲ್ ಇದ್ದರೆ 'ಪ್ರೊಫೈಲ್ 1' ಅಂತಲೂ ಇರುತ್ತದೆ. ಡಿಫಾಲ್ಟ್‌ನಲ್ಲಿ 'ವೆಬ್ ಡೇಟಾ' ಅನ್ನುವ ಫೈಲ್ ಹುಡುಕಿ. ಈ ಎರರ್‌ನಲ್ಲಿ ನನ್ನ ಮೊದಲ ಅನುಮಾನ ಅದರ ಮೇಲೆಯೇ. ಅಳಿಸಬೇಡಿ, ಹೆಸರಿನ ಮುಂದೆ 'ಹಳೆ' ಅಂತ ಸೇರಿಸಿ ಸಾಕು. ಕ್ರೋಮ್ ತೆರೆದಾಗ ಹೊಸದು ತಾನೇ ಹುಟ್ಟುತ್ತದೆ. ಫಾರ್ಮ್‌ನಲ್ಲಿ ತಾನಾಗಿ ತುಂಬುತ್ತಿದ್ದ ವಿಳಾಸ, ಕಾರ್ಡ್‌ನಂಥ ವಿವರ ಹೋಗುತ್ತದೆ, ಜಿಮೇಲ್‌ಗೆ ಮತ್ತೆ ಸೈನ್ ಇನ್ ಆಗಬೇಕಾಗಬಹುದು. ಅಷ್ಟೇ.

ಇನ್ನು ಬುಕ್‌ಮಾರ್ಕ್. ಇದಕ್ಕೆ ಅದೇ ಡಿಫಾಲ್ಟ್ ಫೋಲ್ಡರ್‌ನಲ್ಲಿ ಎರಡು ಫೈಲ್: 'ಬುಕ್‌ಮಾರ್ಕ್ಸ್', ಜೊತೆಗೆ ಅದೇ ಹೆಸರಿಗೆ ಕೊನೆಯಲ್ಲಿ 'ಬಿಎಕೆ' (.bak) ಇರುವುದು. ಎರಡನೆಯದು ಹಿಂದಿನ ಪ್ರತಿ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಆವರಣ ಚಿಹ್ನೆಗಳ ನಡುವೆ ನಿಮ್ಮ ಪುಟಗಳ ಹೆಸರು, ವಿಳಾಸ ಸಾಲುಸಾಲಾಗಿ ಕಾಣುತ್ತವೆ. ಕಂಡರೆ ಗೆದ್ದಿರಿ. ಕ್ರೋಮ್ ಮುಚ್ಚಿರುವಾಗಲೇ ಮೊದಲನೆಯದನ್ನು ಪಕ್ಕಕ್ಕಿಟ್ಟು, ಎರಡನೆಯದರ 'ಬಿಎಕೆ' ತೆಗೆದು ಮೊದಲನೆಯದರ ಹೆಸರು ಕೊಡಿ. ಆದರೆ ಕ್ರೋಮ್ ಈ ಹಿಂದಿನ ಪ್ರತಿಯ ಮೇಲೂ ಹೊಸದನ್ನು ಬರೆದುಬಿಡುತ್ತದೆ. ಸುಮ್ನೆ ತೆರೆದು ಮುಚ್ಚಿ ನೋಡುತ್ತಾ ಕೂರಬೇಡಿ ಅನ್ನೋದು ಅದಕ್ಕೇ.

ಪಾಸ್‌ವರ್ಡ್ ಕತೆ ಬೇರೆ. ಅವು 'ಲಾಗಿನ್ ಡೇಟಾ' ಫೈಲ್‌ನಲ್ಲಿವೆ, ಆದರೆ ಬೀಗ ನಿಮ್ಮ ವಿಂಡೋಸ್ ಖಾತೆಗೆ ಕಟ್ಟಿದ್ದು. ಫಾರ್ಮ್ಯಾಟ್ ಮಾಡಿಸಿದ ಮೇಲೆ ಫೈಲ್ ಕೈಯಲ್ಲಿದ್ದರೂ ತೆರೆಯಲಾಗದು. ಅಂಗಡಿಗೆ ಒಯ್ದರೆ ಮೊದಲ ಮಾತೇ 'ಫಾರ್ಮ್ಯಾಟ್ ಮಾಡೋಣ' ಅಂತಾರಲ್ವಾ, ಆಗ ಇದು ನೆನಪಿರಲಿ. ಕ್ರೋಮ್ ಸರಿಯಾಗಿ ತೆರೆದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್ ಮ್ಯಾನೇಜರ್‌ಗೆ ಹೋಗಿ ಎಕ್ಸ್‌ಪೋರ್ಟ್ ಮಾಡಿ, ಅಂದರೆ ಎಲ್ಲ ಪಾಸ್‌ವರ್ಡ್ ಒಂದು ಫೈಲ್ ಆಗಿ ಇಳಿಸಿಕೊಳ್ಳಿ. ಆ ಫೈಲ್ ಯಾರು ಬೇಕಾದರೂ ಓದುವಂಥದ್ದು, ಡೆಸ್ಕ್‌ಟಾಪ್ ಮೇಲೆ ಬಿಡಬೇಡಿ. ಸಿಂಕ್ (ಕ್ರೋಮ್ ಡೇಟಾವನ್ನು ಗೂಗಲ್ ಖಾತೆಯಲ್ಲೂ ಉಳಿಸುವ ಸೌಲಭ್ಯ) ಆನ್ ಇದ್ದರೆ ನಿಮ್ಮ ಮೊಬೈಲ್ ಕ್ರೋಮ್‌ನಲ್ಲೂ ಪಾಸ್‌ವರ್ಡ್ ಸಿಗುತ್ತವೆ. ಈಗಲೇ ನೋಡಿ, ಅರ್ಧ ಚಿಂತೆ ಕಮ್ಮಿಯಾಗಬಹುದು.

ಫೈರ್‌ಫಾಕ್ಸ್ ಬಳಸುವ ತಿಕೋಟಾದ ತಮ್ಮ, ಅದರಲ್ಲಿ ಯಾವ ಫೈಲ್ ಉಳಿಸಬೇಕು ಅಂತ ಕೇಳಿದ್ದಕ್ಕೆ: ಪಾಸ್‌ವರ್ಡ್‌ಗೆ 'ಲಾಗಿನ್ಸ್' ಮತ್ತು 'ಕೀ4' (key4) ಫೈಲ್ ಎರಡೂ ಜೊತೆಗೆ ಬೇಕು, ಒಂದಿದ್ದರೆ ಪ್ರಯೋಜನ ಇಲ್ಲ. ಬುಕ್‌ಮಾರ್ಕಿಗೆ 'ಬುಕ್‌ಮಾರ್ಕ್‌ಬ್ಯಾಕಪ್ಸ್' ಫೋಲ್ಡರ್ ನೋಡು, ತಾರೀಖಿನ ಪ್ರಕಾರ ಪ್ರತಿಗಳಿರುತ್ತವೆ.

ಸಹಾಯಕ್ಕೆ ಅಂತ ನೆಟ್‌ನಲ್ಲಿ 'ಕ್ರೋಮ್ ಹೆಲ್ಪ್‌ಲೈನ್' ಹುಡುಕಿ ಸಿಕ್ಕ ನಂಬರಿಗೆ ಫೋನ್ ಹಚ್ಚಬೇಡಿ. ಕಂಪ್ಯೂಟರ್ ದೂರದಿಂದ ನೋಡುವ ಆ್ಯಪ್ ಹಾಕಿಸಿ ಬ್ಯಾಂಕ್ ಖಾತೆ ಬರಿದು ಮಾಡುವವರೇ ಜಾಸ್ತಿ. ಹಾಗೇನಾದರೂ ಹಣ ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

'ವೆಬ್ ಡೇಟಾ' ಹೆಸರು ಬದಲಿಸಿದ ಮೇಲೂ ಅದೇ ಎರರ್ ಬಂದರೆ ಡಿಫಾಲ್ಟ್ ಫೋಲ್ಡರ್‌ನ ಫೋಟೋ ಇಲ್ಲೇ ಹಾಕಿ, ಸಿ ಡ್ರೈವ್‌ನಲ್ಲಿ ಎಷ್ಟು ಜಾಗ ಖಾಲಿ ಇದೆ ಅಂತಲೂ ಬರೆಯಿರಿ.