ಸ್ಕಾಟ್ಲೆಂಡಿನಲ್ಲಿ ಒಂದೇ ವಾರ್ಡಿನಿಂದ ಮೂರು-ನಾಲ್ಕು ಕೌನ್ಸಿಲರ್‌ಗಳು ಆಯ್ಕೆಯಾಗುವುದು ಹೇಗೆ?

2007ರಿಂದ ಅಲ್ಲಿನ ಸ್ಥಳೀಯ ಚುನಾವಣೆಗಳು ಏಕ ವರ್ಗಾವಣೀಯ ಮತ ಪದ್ಧತಿಯಲ್ಲಿ, ಅಂದರೆ ಬಹುಮಟ್ಟಿಗೆ ನಮ್ಮ ಶಾಸಕರು ರಾಜ್ಯಸಭೆಗೆ ಮತ ಹಾಕುವ ರೀತಿಯಲ್ಲೇ ನಡೆಯುತ್ತಿವೆ. ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ; ಎಲ್ಲರಿಗೂ ಅಂಕಿ ಕೊಡಲೇಬೇಕೆಂದಿಲ್ಲ. ಮೂರು ಸ್ಥಾನಗಳ ವಾರ್ಡಿನಲ್ಲಿ 4000 ಸಿಂಧುವಾದ ಮತಗಳು ಬಿದ್ದಿದ್ದರೆ, ಅದನ್ನು ಸ್ಥಾನಗಳಿಗಿಂತ ಒಂದು ಹೆಚ್ಚಾದ ನಾಲ್ಕರಿಂದ ಭಾಗಿಸಿ ಒಂದನ್ನು ಕೂಡಿಸಿದಾಗ ಬರುವ 1001 ಮತಗಳೇ ಗೆಲುವಿನ ಕೋಟಾ. ಕೋಟಾ ಮೀರಿದವರ ಹೆಚ್ಚುವರಿ ಮತಗಳು ವ್ಯರ್ಥವಾಗದೆ, ಅವರ ಎಲ್ಲ ಮತಪತ್ರಗಳಿಂದಲೂ ಭಿನ್ನಾಂಶದ ಮೌಲ್ಯದಲ್ಲಿ ಮುಂದಿನ ಪ್ರಾಶಸ್ತ್ಯದವರಿಗೆ ಸಲ್ಲುತ್ತವೆ. ಯಾರೂ ಕೋಟಾ ಮುಟ್ಟದಿದ್ದರೆ ಕಡೆಯ ಸ್ಥಾನದವರನ್ನು ಕೈಬಿಟ್ಟು ಅವರ ಮತಗಳನ್ನು ವರ್ಗಾಯಿಸಲಾಗುತ್ತದೆ. ನನಗೆ ಕಾಣುವ ಕೊರತೆಯೆಂದರೆ, ಮತಪತ್ರದಲ್ಲಿ ಹೆಸರುಗಳು ಅಕಾರಾದಿಯಾಗಿರುವುದರಿಂದ ಒಂದೇ ಪಕ್ಷದ ಇಬ್ಬರು ನಿಂತಾಗ ಸಾಮಾನ್ಯವಾಗಿ ಮೇಲಿರುವವರಿಗೇ ಮೊದಲ ಪ್ರಾಶಸ್ತ್ಯ ಹೆಚ್ಚು ಬೀಳುತ್ತದೆ.