ಅಂಚು ಒಡೆದ ಸ್ಕಿಮ್‌ಬೋರ್ಡಿಗೆ ಮನೆಮದ್ದು ಸಾಕೆ?

ಪ್ರಶ್ನೆ: ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ಗೆಳೆಯನೊಬ್ಬನಿಂದ ಹಳೆಯ ಸ್ಕಿಮ್‌ಬೋರ್ಡ್ ಕೊಂಡು, ರಜೆಗೆ ಬರುವಾಗ ಅದನ್ನು ಮೈಸೂರಿಗೆ ತಂದಿದ್ದ. ಕನ್ನಂಬಾಡಿ ಹಿನ್ನೀರಿನ ದಡದಲ್ಲಿ ಓಡಿಸಲು ಹೋದಾಗ ಅದು ಕಲ್ಲಿಗೆ ಬಡಿದು, ಮೂತಿಯ ಪಕ್ಕದ ಅಂಚು ಸುಮಾರು ಮೂರು ಇಂಚಿನಷ್ಟು ಒಡೆದಿದೆ. ಒಳಗಿನ ಬಿಳಿ ಫೋಮ್ ಕಾಣುತ್ತಿದೆ. ಪರಿಚಯದ ಫೈಬರ್ ಕೆಲಸಗಾರರು, "ಬಿಟ್ಟು ಹೋಗಿ ಸಾರ್, ಸಂಜೆಗೆ ರೆಡಿ ಮಾಡಿಕೊಡ್ತೀನಿ" ಎನ್ನುತ್ತಾರೆ. ಮಗ ತಾನೇ ಮನೆಯಲ್ಲಿ ಸರಿಮಾಡುತ್ತೇನೆ ಎನ್ನುತ್ತಾನೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಈ ಒಂದು ಒಡಕಿನ ಮಟ್ಟಿಗೆ ನಿಮ್ಮ ಮಗನ ಮಾತು ಕೇಳಿ. ಆದರೆ "ಸಂಜೆಗೆ ರೆಡಿ" ಎಂಬ ಭಾಗವನ್ನು ಇಬ್ಬರಿಂದಲೂ ಕೇಳಬೇಡಿ.

ಸ್ಕಿಮ್‌ಬೋರ್ಡ್ ಎಂದರೇನು ಎಂದು ತಿಳಿಯದ ಓದುಗರಿಗಾಗಿ ಎರಡು ಮಾತು. ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವ ತೆಳುನೀರಿನ ಮೇಲೆ ಹಲಗೆಯನ್ನು ಎಸೆದು, ಓಡಿ ಬಂದು ಅದರ ಮೇಲೆ ಹತ್ತಿ ಜಾರುವ ಆಟವಿದು. ಸರ್ಫ್‌ಬೋರ್ಡಿಗೆ ಇರುವಂತೆ ಇದರ ತಳದಲ್ಲಿ ರೆಕ್ಕೆಗಳಿರುವುದಿಲ್ಲ. ದಪ್ಪವೂ ಎರಡು ಸೆಂಟಿಮೀಟರಿನ ಆಸುಪಾಸು ಮಾತ್ರ. ಒಳಗೆ ಹಗುರವಾದ ಫೋಮಿನ ತಿರುಳು, ಹೊರಗೆ ರೆಸಿನ್ (ದ್ರವವಾಗಿದ್ದು ಆಮೇಲೆ ಗಟ್ಟಿಯಾಗುವ ಅಂಟು) ಕುಡಿದು ಗಟ್ಟಿಯಾದ ಗ್ಲಾಸ್ ಫೈಬರಿನ ಅಥವಾ ಕಾರ್ಬನ್ ಫೈಬರಿನ ತೆಳುವಾದ ಹೊದಿಕೆ. ಮನುಷ್ಯನ ಭಾರವನ್ನು ಹೊರುವುದು ತಿರುಳೂ ಅಲ್ಲ, ಹೊದಿಕೆಯೂ ಅಲ್ಲ, ಅವೆರಡರ ಅಂಟು. ಆ ಅಂಟನ್ನು ಕೆಡಿಸುವುದು ನೀರು. ಹಾಗಾಗಿ ಒಡಕು ಎಷ್ಟು ದೊಡ್ಡದು ಎಂದು ಅಳೆಯುವ ಮುಂಚೆ ಒಳಗೆ ನೀರು ಎಷ್ಟು ಹೋಗಿದೆ ಎಂದು ನೋಡಬೇಕು.

ಇಂತಹ ಬೋರ್ಡು ಸಾಮಾನ್ಯವಾಗಿ ಮೂರು-ನಾಲ್ಕು ಕಿಲೋಗ್ರಾಂ ಮೀರುವುದಿಲ್ಲವಾದ್ದರಿಂದ ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು. ಮೊದಲು ಸಿಹಿನೀರಿನಲ್ಲಿ ಕೆಸರನ್ನೂ ಹಳೆಯ ಉಪ್ಪನ್ನೂ ತೊಳೆದು, ಒಡಕಿನ ಭಾಗ ಕೆಳಗೆ ಬರುವಂತೆ ನೆರಳಿನಲ್ಲಿ ಒರಗಿಸಿಡಿ. ಎರಡು ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದರ್ಥ. ಅದಕ್ಕೆ ಒಂದು ವಾರವೂ ಹಿಡಿಯಬಹುದು, ಆಷಾಢದ ಮಳೆಯಲ್ಲಾದರೆ ಮೂರು ವಾರವೂ ಹಿಡಿಯಬಹುದು. ಬೇಗ ಒಣಗಲೆಂದು ತಾರಸಿಯ ಬಿಸಿಲಿಗೆ ಹಾಕಿದರೆ ಒಳಗಿನ ಗಾಳಿ ಮತ್ತು ನೀರಾವಿ ಹಿಗ್ಗಿ ಹೊದಿಕೆಯನ್ನೇ ಎಬ್ಬಿಸುತ್ತವೆ. ಸಂಜೆಗೆ ಕೆಲಸ ಮುಗಿಸುವವರು ಈ ನೀರನ್ನು ಒಳಗೇ ಇಟ್ಟು ಮುಚ್ಚುತ್ತಾರೆ. ಹೊರಗಿನಿಂದ ನೋಡಲು ಚೆಂದವಾಗಿರುತ್ತದೆ, ಒಂದು ಋತು ಕಳೆಯುವುದರೊಳಗೆ ತೇಪೆಯ ಸುತ್ತ ಕಂದು ಬಣ್ಣ ಹರಡಿ ಹೊದಿಕೆ ಸಡಿಲವಾಗುತ್ತದೆ.

ಎರಡನೆಯ ಸಂಗತಿ ರೆಸಿನ್. ನಿಮ್ಮ ಪರಿಚಯದವರ ಕೈಚಳಕವನ್ನು ನಾನು ಸಂಶಯಿಸುತ್ತಿಲ್ಲ. ನೀರಿನ ತೊಟ್ಟಿ, ಚಾವಣಿ ಹಾಳೆ, ದಸರಾ ಸ್ತಬ್ಧಚಿತ್ರದ ಬೊಂಬೆ ಇವೆಲ್ಲವನ್ನೂ ಮಾಡುವ ಕೈಗಳಿಗೆ ಒಂದು ಅಂಚನ್ನು ಕಟ್ಟುವುದು ಕಷ್ಟವಲ್ಲ. ಆದರೆ ಆ ಕೆಲಸಗಳಿಗೆ ಸಾಮಾನ್ಯವಾಗಿ ಬಳಕೆಯಾಗುವುದು ಅಗ್ಗದ ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ಎಂಬ ದ್ರಾವಕ ಥರ್ಮೋಕೋಲ್ ಜಾತಿಯ ಫೋಮನ್ನು ಕರಗಿಸಿಬಿಡುತ್ತದೆ. ಥರ್ಮೋಕೋಲ್ ಬೊಂಬೆಯ ಮೇಲೆ ಫೈಬರ್ ಹಾಕುವ ಮುನ್ನ ಬೇರೆ ಲೇಪ ಕೊಡದಿದ್ದರೆ ಬೊಂಬೆಯ ಮೂಗು ಕುಸಿಯುವುದನ್ನು ಆ ಕೆಲಸಗಾರರೇ ಕಂಡಿರುತ್ತಾರೆ. ಎಲ್ಲ ಸ್ಕಿಮ್‌ಬೋರ್ಡುಗಳ ತಿರುಳೂ ಥರ್ಮೋಕೋಲ್ ಅಲ್ಲ; ಒಳ್ಳೆಯ ಬೋರ್ಡುಗಳಲ್ಲಿ ಪಿವಿಸಿ ಫೋಮ್ ಇರುತ್ತದೆ, ಅದು ಪಾಲಿಯೆಸ್ಟರನ್ನು ತಡೆದುಕೊಳ್ಳುತ್ತದೆ. ನಿಮ್ಮದು ಯಾವುದು ಎಂದು ತಿಳಿಯಲು ಒಡೆದ ಜಾಗದಿಂದ ಸಾಸಿವೆ ಕಾಳಿನಷ್ಟು ಫೋಮ್ ಕಿತ್ತು, ಅಸಿಟೋನ್ ಇರುವ ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹಾಕಿ. ಕ್ಷಣಾರ್ಧದಲ್ಲಿ ಕುಗ್ಗಿ ಅಂಟಿನಂತಾದರೆ ಅದು ಥರ್ಮೋಕೋಲ್ ಜಾತಿಯದು.

ತಿರುಳು ಯಾವುದೇ ಇರಲಿ, ಮನೆಯಲ್ಲಿ ಮಾಡುವವರಿಗೆ ಎಪಾಕ್ಸಿ ರೆಸಿನ್ನೇ ಕ್ಷೇಮ. ಅದು ಥರ್ಮೋಕೋಲನ್ನು ತಿನ್ನುವುದಿಲ್ಲ. ಅಷ್ಟೇ ಅಲ್ಲದೆ, ಹಳೆಯ ಹೊದಿಕೆ ಪಾಲಿಯೆಸ್ಟರಿನದಾಗಿದ್ದರೂ ಎಪಾಕ್ಸಿಯದಾಗಿದ್ದರೂ ಎಪಾಕ್ಸಿ ಅದರ ಮೇಲೆ ಹಿಡಿಯುತ್ತದೆ. ಗಟ್ಟಿಯಾದ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಮಾತ್ರ ಸರಿಯಾಗಿ ಕೂರುವುದಿಲ್ಲ. ಸೆಕೆಂಡ್ ಹ್ಯಾಂಡ್ ಬೋರ್ಡಿನ ಹೊದಿಕೆ ಯಾವುದು ಎಂದು ಮಾರಿದವನಿಗೂ ಗೊತ್ತಿರುವುದಿಲ್ಲವಾದ್ದರಿಂದ ಈ ಗುಣ ದೊಡ್ಡದು. ಕಾರಿನ ಟಿಂಕರಿಂಗ್ ಅಂಗಡಿಯ ಪುಟ್ಟಿಯೂ ಪಾಲಿಯೆಸ್ಟರ್ ಕುಲದ್ದೇ, ಅದನ್ನು ತರಬೇಡಿ. ಎಂ-ಸೀಲ್ ಎಪಾಕ್ಸಿಯೇ ಹೌದು, ಕೂದಲೆಳೆಯ ಬಿರುಕಿಗೆ ತಾತ್ಕಾಲಿಕವಾಗಿ ಆದೀತು. ಮೂರು ಇಂಚಿನ ಒಡಕಿಗೆ ಅದು ಭಾರ, ಬೋರ್ಡು ಬಾಗಿದಾಗ ಜೊತೆಗೆ ಬಾಗದೆ ಬಿಟ್ಟುಕೊಳ್ಳುತ್ತದೆ.

ಕೆಲಸದ ಕ್ರಮ ಹೀಗೆ. ಮೇಲ್ಭಾಗದಲ್ಲಿ ಕಾಲು ಜಾರದಂತೆ ಹಚ್ಚಿರುವ ಮೇಣವನ್ನು ಹಳೆಯ ಎಟಿಎಂ ಕಾರ್ಡಿನಿಂದ ಕೆರೆದು ಟರ್ಪಂಟೈನಿನಿಂದ ಒರೆಸಿ ತೆಗೆಯಿರಿ. ಮೇಣದ ಮೇಲೆ ಯಾವ ರೆಸಿನ್ನೂ ಹಿಡಿಯದು. ಸಡಿಲವಾದ ಚೂರುಗಳನ್ನು ಕತ್ತರಿಸಿ, ಒಡಕಿನ ಸುತ್ತ ಎರಡು ಇಂಚಿನವರೆಗೆ 80 ನಂಬರಿನ ಒರಟು ಉಪ್ಪುಕಾಗದದಿಂದ ಹೊಳಪು ಹೋಗುವಂತೆ ಉಜ್ಜಿ. ಹೊದಿಕೆಯನ್ನು ಅಸಿಟೋನಿನಿಂದ ಒರೆಸುವಾಗ ತೆರೆದ ಫೋಮಿಗೆ ತಾಗದಂತೆ ನೋಡಿಕೊಳ್ಳಿ. ಗುಂಡಿ ತುಂಬಲು ಎಪಾಕ್ಸಿಗೆ ಮೈಕ್ರೋಬಲೂನ್ ಎಂಬ ಹಗುರ ಪುಡಿ ಬೆರೆಸಿ, ಇಡ್ಲಿ ಹಿಟ್ಟಿಗಿಂತ ಗಟ್ಟಿಯಾದ ಹದಕ್ಕೆ ತಂದು ತುಂಬಿ. ಗಟ್ಟಿಯಾದ ಮೇಲೆ ಅಂಚಿನ ಮೂಲ ಆಕಾರಕ್ಕೆ ಉಜ್ಜಿ, ಅದರ ಮೇಲೆ ಎರಡು ಪದರ ಗ್ಲಾಸ್ ಬಟ್ಟೆಯನ್ನು, ಒಂದಕ್ಕಿಂತ ಇನ್ನೊಂದು ದೊಡ್ಡದಾಗಿರುವಂತೆ ಕತ್ತರಿಸಿ, ಎಪಾಕ್ಸಿಯಲ್ಲಿ ತೋಯಿಸಿ ಅಂಚನ್ನು ಸುತ್ತಿಕೊಳ್ಳುವಂತೆ ಕೂರಿಸಿ. ಬಟ್ಟೆ ನೇಯ್ದದ್ದಾಗಿರಬೇಕು, ಚದರ ಮೀಟರಿಗೆ 200 ಗ್ರಾಂ ತೂಗುವಂಥದ್ದು ಸಾಕು. ಫೈಬರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ, ನೇಯದೆ ಎಳೆಗಳನ್ನು ಅಂಟಿಸಿ ಮಾಡಿದ ಮ್ಯಾಟ್ ಬೇಡ. ಅದರ ಎಳೆಗಳನ್ನು ಹಿಡಿದಿಡುವ ಅಂಟು ಸ್ಟೈರೀನಿನಲ್ಲಿ ಕರಗುವಂತೆ ಮಾಡಿದ್ದು, ಎಪಾಕ್ಸಿಯಲ್ಲಿ ಅದು ಕರಗದೆ ಮ್ಯಾಟ್ ಬಿರುಸಾಗಿಯೇ ಉಳಿಯುತ್ತದೆ. ಮೇಲೆ ಒಂದು ಓಎಚ್‌ಪಿ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ ಗಾಳಿಗುಳ್ಳೆಗಳನ್ನು ಬೆರಳಿನಿಂದ ಹೊರಗೆ ಸವರಿದರೆ ಮಾರನೆಯ ದಿನ ಉಜ್ಜುವ ಶ್ರಮ ಅರ್ಧ ಕಡಿಮೆ. ಆಮೇಲೆ 120, 220, 400 ಎಂದು ಕಾಗದ ನಯವಾಗುತ್ತಾ ಹೋಗಲಿ. ತಳದಲ್ಲಿ ಉಬ್ಬು ಉಳಿದರೆ ತೆಳುನೀರಿನಲ್ಲಿ ಬೋರ್ಡಿನ ಓಟ ಕುಗ್ಗುತ್ತದೆ, ಆದ್ದರಿಂದ ತಳಕ್ಕೆ ಹೆಚ್ಚು ತಾಳ್ಮೆ ಕೊಡಿ. ಪೂರ್ಣ ಬಲ ಬರಲು ಸುಮಾರು ಒಂದು ವಾರ ಬಿಡಬೇಕು.

ಎಪಾಕ್ಸಿ ಮತ್ತು ಅದನ್ನು ಗಟ್ಟಿಮಾಡುವ ಹಾರ್ಡ್‌ನರ್ ಬೆರೆಸುವ ಪ್ರಮಾಣವನ್ನು ಡಬ್ಬಿಯ ಮೇಲೆ ಬರೆದಂತೆಯೇ ತೂಗಿ ಹಾಕಬೇಕು. ಪಾಲಿಯೆಸ್ಟರಿಗೆ ನಾಲ್ಕು ಹನಿ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ಫೈಬರ್ ಕೆಲಸದ ರೂಢಿ ಇಲ್ಲಿ ನಡೆಯದು. ಎಪಾಕ್ಸಿಗೆ ಹಾರ್ಡ್‌ನರ್ ಹೆಚ್ಚಾದರೆ ಅದು ಎಂದೆಂದಿಗೂ ಮೆತ್ತಗೇ ಉಳಿಯುತ್ತದೆ. ಒಮ್ಮೆಗೆ ನೂರು ಗ್ರಾಂ ದಾಟಬೇಡಿ. ನಾನು ಒಮ್ಮೆ ಏಪ್ರಿಲ್ ತಿಂಗಳ ಮಧ್ಯಾಹ್ನ ಅರ್ಧ ಲೋಟದಷ್ಟು ಬೆರೆಸಿಟ್ಟು ಫೋನಿನಲ್ಲಿ ಮಾತಿಗೆ ನಿಂತೆ. ತಿರುಗಿ ನೋಡುವಷ್ಟರಲ್ಲಿ ಲೋಟ ಹೊಗೆಯಾಡುತ್ತಿತ್ತು, ಕೆಳಗಿದ್ದ ಪ್ಲಾಸ್ಟಿಕ್ ತಟ್ಟೆ ಸೊಟ್ಟಗಾಗಿತ್ತು. ಮಳೆಗಾಲದಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಜಿಡ್ಡಿನಂತಹ ಪೊರೆ ಬರಬಹುದು; ಮುಂದಿನ ಪದರಕ್ಕೆ ಮೊದಲು ಅದನ್ನು ನೀರಿನಿಂದ ತೊಳೆದು ಉಜ್ಜಬೇಕು. ಕೈಗವಸು, ಒಳ್ಳೆಯ ಮುಖಗವಸು, ಕನ್ನಡಕ ಇಲ್ಲದೆ ಕೂರಲೇಬಾರದು. ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಬರುವ ಅಲರ್ಜಿ ಜೀವನಪೂರ್ತಿ ಉಳಿಯುವುದುಂಟು. ಗ್ಲಾಸ್ ಧೂಳಿನ ತುರಿಕೆಗೆ ಬಿಸಿನೀರು ಬಿಟ್ಟು ತಣ್ಣೀರಿನಲ್ಲಿ ತೊಳೆಯಿರಿ.

ಇಷ್ಟು ಹೇಳಿದ ಮೇಲೂ ಒಂದು ಷರತ್ತು. ಕೆಲಸ ಶುರುಮಾಡುವ ಮುಂಚೆ, ತೆಂಗಿನಕಾಯಿ ಕೊಳ್ಳುವಾಗ ತಟ್ಟಿ ನೋಡುವಂತೆ, ಒಡಕಿನ ಸುತ್ತ ನಾಣ್ಯದಿಂದ ತಟ್ಟುತ್ತಾ ಹೋಗಿ. ಸದ್ದು ಗಟ್ಟಿಯಾಗಿದ್ದದ್ದು ಒಮ್ಮೆಲೇ ಟೊಳ್ಳಾದರೆ ಅಲ್ಲಿ ಹೊದಿಕೆ ತಿರುಳನ್ನು ಬಿಟ್ಟಿದೆ. ಟೊಳ್ಳು ಅಂಗೈಗಿಂತ ದೊಡ್ಡದಾಗಿದ್ದರೆ, ಅಥವಾ ಒಡಕು ಮೇಲಿನಿಂದ ತಳದವರೆಗೆ ಹಾದಿದ್ದರೆ, ಅಥವಾ ಹೊದಿಕೆ ಕಾರ್ಬನ್ ಫೈಬರಿನದಾಗಿದ್ದರೆ ಮನೆಯ ಕೆಲಸ ನಿಲ್ಲಿಸಿ. ಆಗಲೂ ಮೈಸೂರಿನಲ್ಲಿ ಹುಡುಕುವುದಕ್ಕಿಂತ, ಮಗ ಸುರತ್ಕಲ್ಲಿಗೆ ಮರಳುವಾಗ ಬೋರ್ಡನ್ನು ಕೊಟ್ಟು ಕಳುಹಿಸಿ. ಅಲ್ಲಿಂದ ಉಡುಪಿಯ ಕಡೆಗೆ ಅದೇ ಹೆದ್ದಾರಿಯಲ್ಲಿ ಮುಲ್ಕಿ ಸಿಗುತ್ತದೆ. ಸರ್ಫಿಂಗ್ ಕಲಿಸುವವರು ಇರುವ ಊರು ಅದು. ದಿನವೂ ಬೋರ್ಡು ಒಡೆಯುವವರ ನಡುವೆ ಅದನ್ನು ಕಟ್ಟುವವರೂ ಇರುತ್ತಾರೆ. ಅಲ್ಲಿಯೂ "ಯಾವ ರೆಸಿನ್, ಎಷ್ಟು ದಿನ ಒಣಗಿಸುತ್ತೀರಿ" ಎಂದು ಕೇಳದೆ ಕೊಡಬೇಡಿ.

ಪ್ರಶ್ನೆ: ನನ್ನ ತಮ್ಮನ ಮಗಳ ಪ್ಲೈವುಡ್ ಸ್ಕಿಮ್‌ಬೋರ್ಡಿನ ಹಿಂಬದಿಯಲ್ಲಿ ಪದರಗಳು ಬಿಟ್ಟುಕೊಂಡಿವೆ. ನಮ್ಮ ಬಡಗಿ ಫೆವಿಕಾಲ್ ಹಾಕಿ ಸಣ್ಣ ಮೊಳೆ ಹೊಡೆಯೋಣ ಎನ್ನುತ್ತಾರೆ. ಆಗಬಹುದೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಬಡಗಿ ಸರಿ, ಅವರ ಅಂಟು ಮತ್ತು ಮೊಳೆ ಸರಿಯಲ್ಲ. ಮೇಜು-ಕುರ್ಚಿಗೆ ಬಳಸುವ ಸಾಮಾನ್ಯ ಬಿಳಿ ಅಂಟು ನೀರಿನಲ್ಲಿ ಮೆತ್ತಗಾಗುತ್ತದೆ. ಮೊಳೆಯ ತೂತು ನೀರಿಗೆ ಹೊಸ ದಾರಿ. ಮರವನ್ನು ಚೆನ್ನಾಗಿ ಒಣಗಿಸಿ, ತೆಳುವಾದ ಎಪಾಕ್ಸಿಯನ್ನು ಸೂಜಿಯಿಲ್ಲದ ಸಿರಿಂಜಿನಿಂದ ಪದರಗಳ ನಡುವೆ ಆಳಕ್ಕೆ ತಳ್ಳಿ, ಎರಡೂ ಬದಿಗೆ ಪ್ಲಾಸ್ಟಿಕ್ ಹಾಳೆಯಿಟ್ಟು ಕ್ಲ್ಯಾಂಪ್ ಹಾಕಲು ಹೇಳಿ. ಬಿಗಿಯುವುದು ಹದವಾಗಿರಲಿ, ಅತಿಯಾದರೆ ಅಂಟೆಲ್ಲ ಹೊರಗೆ ಬಂದುಬಿಡುತ್ತದೆ. ಬೋರ್ಡಿನ ಬಾಗು ನೆಟ್ಟಗಾಗದಂತೆ ಕೆಳಗೆ ಆಸರೆಯೂ ಬೇಕು. ಕ್ಲ್ಯಾಂಪೂ ಕಣ್ಣಳತೆಯೂ ಬಡಗಿಯ ಬಳಿ ಇರುವುದರಿಂದ ಮರದ ಬೋರ್ಡಿಗೆ ಅವರೇ ನಿಜವಾದ ಪರಿಣತರು. ಒಂದು ದಿನದ ನಂತರ ಅಂಚಿಗೆ ಪಾಲಿಯುರೆಥೇನ್ ವಾರ್ನಿಷ್ ಮೂರು ಸಲ ಬಳಿಯಲಿ.

ಪ್ರಶ್ನೆ: ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟಿದ್ದ ಬೋರ್ಡಿನ ಮೇಲೆ, ಕಾಲಿಡುವ ಜಾಗದಲ್ಲಿ, ಅಂಗೈಯಗಲ ಗುಳ್ಳೆ ಎದ್ದಿದೆ. ಬಿರುಕಿಲ್ಲ. ಫೈಬರ್ ತೆಪ್ಪ ರಿಪೇರಿ ಮಾಡುವ ನಮ್ಮೂರಿನವರು ತೂತು ಕೊರೆದು ರೆಸಿನ್ ತುಂಬಿಸಿ ಎನ್ನುತ್ತಾರೆ.
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ತುಂಬಿಸಬೇಡಿ. ತೆಪ್ಪ ಒಂದೇ ದಪ್ಪ ಗೋಡೆಯದು, ಒಳಗೆ ತಿರುಳಿಲ್ಲ. ಒಂದೆರಡು ಕಿಲೋಗ್ರಾಂ ಹೆಚ್ಚಾದರೂ ಹೊಳೆ ಅದನ್ನು ಹೊರುತ್ತದೆ. ನಿಮ್ಮ ಬೋರ್ಡಿನಲ್ಲಿ ಹೊದಿಕೆ ತಿರುಳಿನಿಂದ ಎದ್ದಿದೆ, ಅದೂ ಇಡೀ ಭಾರ ಬೀಳುವ ಜಾಗದಲ್ಲಿ. ರೆಸಿನ್ ಸುರಿದರೆ ಅದು ಗುಡ್ಡೆಯಾಗಿ ನಿಂತು, ಸುತ್ತಲಿನ ಭಾಗ ಬಾಗಿದಾಗ ತಾನು ಬಾಗದೆ ಅಂಚಿನಲ್ಲಿ ಬಿರುಕು ತರುತ್ತದೆ. ಎದ್ದ ಹೊದಿಕೆಯನ್ನು ಕತ್ತರಿಸಿ ತೆಗೆದು, ನಿರ್ವಾತದ ಒತ್ತಡದಲ್ಲಿ ಹೊಸದನ್ನು ಕೂರಿಸುವುದು ಬೋರ್ಡು ಕಟ್ಟುವವರ ಕೆಲಸ. ಅವರು ಕೇಳುವ ಹಣ ಅದೇ ತರಹದ ಹಳೆಯ ಬೋರ್ಡಿನ ಬೆಲೆಯ ಅರ್ಧ ದಾಟಿದರೆ ನಾನಾಗಿದ್ದರೆ ಗೋಡೆಗೆ ತೂಗುಹಾಕಿ ಬೇರೆ ಕೊಳ್ಳುತ್ತಿದ್ದೆ. ಅಲ್ಲಿಯವರೆಗೆ ಗುಳ್ಳೆಯನ್ನು ಒತ್ತಿ "ಟಕ್" ಎನ್ನಿಸುವ ಆಟವನ್ನು ಮಕ್ಕಳಿಂದ ಬಿಡಿಸಿ. ಪ್ರತಿ ಸಲ ಒತ್ತಿದಾಗಲೂ ಅದರ ಅಂಚು ಒಂದೊಂದು ಕೂದಲೆಳೆ ಹೊರಕ್ಕೆ ಬಿಟ್ಟುಕೊಳ್ಳುತ್ತದೆ.